ಸೊನ್ನೆ ಬೇರೆ, ಗೆರೆ ಬೇರೆ

ಟೆಯೊಡುಲೊ ನುಫಾಬ್ಲೆ ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿದ್ದು ಒಟ್ಟು ನಲವತ್ತೊಂದು ಸೆಕೆಂಡು. ಆ ತಪ್ಪಿಗೆ ಹುಟ್ಟೂರಿನ ಅಂಗಳದಲ್ಲಿ ಇಪ್ಪತ್ತೈದು ವರ್ಷ ಅವನು ಆಡುವಂತಿರಲಿಲ್ಲ. ಕೊಲೆ ಮಾಡಿದವರೂ ಅಷ್ಟರೊಳಗೆ ಸನ್ನಡತೆಯ ಮೇಲೆ ಹೊರಗೆ ಬಂದು ಹೋಟೆಲಿಟ್ಟುಕೊಂಡಿರುತ್ತಾರೆ.

ಇಲೊಯ್ಲೊ ಕಡಲತೀರದ ಆ ಊರಿನಲ್ಲಿ ಪ್ರತಿ ವರ್ಷ ಊರಹಬ್ಬ ಫಿಯೆಸ್ಟಾಗೆ ಮುಂಚೆ ಕೇರಿ ಕೇರಿಗಳ ನಡುವೆ ಪಂದ್ಯಾವಳಿ ನಡೆಯುತ್ತದೆ. ಅದರ ನಿಯಮಪುಸ್ತಕದ ಮೊದಲ ಸಾಲೇ ಇದು: ಪ್ರೊಗಳಿಗೆ, ಅಂದರೆ ವೃತ್ತಿಪರರಿಗೆ, ಮಾಜಿ ಪ್ರೊಗಳಿಗೆ ಪ್ರವೇಶವಿಲ್ಲ. ಮನಿಲಾದ ದೊಡ್ಡ ಲೀಗಿನಲ್ಲಿ ಆಡಿ ಬಂದವನು ಮೀನುಗಾರರು, ಮೇಷ್ಟರುಗಳು, ಗ್ಯಾರೇಜಿನವರ ಮಧ್ಯೆ ಇಳಿದರೆ ಅದು ಆಟವಲ್ಲ, ಅನ್ಯಾಯ ಎಂದು ಹಿರಿಯರು ತೀರ್ಮಾನಿಸಿದ್ದರು. ಹಾಗಾಗಿ ಟೆಯೊಡುಲೊ, ಊರಿನವರ ಬಾಯಲ್ಲಿ ಡೂಲೊ, ರೆಫರಿಯಾದ, ಕೋಚ್ ಆದ, ಅಂಕಪಟ್ಟಿ ತಿರುಗಿಸಿದ, ಎಲ್ಲ ತಂಡಗಳಿಗೂ ಜೆರ್ಸಿ ಅಚ್ಚು ಹಾಕಿಕೊಟ್ಟ. ಚರ್ಚಿನ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ 'ಎಕ್ಸ್-ಪ್ರೊ ಪ್ರಿಂಟಿಂಗ್' ಎಂದಿತ್ತು. ಬೇರೆಯವರ ಬೆನ್ನ ಮೇಲೆ ಹೆಸರು ಅಚ್ಚು ಹಾಕುವುದೇ ಹಣೆಬರಹವೆಂದು ಒಪ್ಪಿಕೊಂಡು ಅವನಿಗೆ ನಲವತ್ತೆಂಟಾಯಿತು.

ಈ ವರ್ಷ ಮಾರ್ಚಿನ ಒಂದು ಮಧ್ಯಾಹ್ನ ಬೆಟೊಯ್ ಅಂಗಡಿಗೆ ಬಂದ. ಬೆಟೊಯ್ ಅಂದರೆ ಕಡಲಬದಿಯ ಬೈಬಾಯ್ ಕೇರಿಯ ತಂಡದ ನಾಯಕ, ದೋಣಿ ಎಂಜಿನ್ ರಿಪೇರಿಯವನು, ಡೂಲೊನ ಬಾಲ್ಯದ ಗೆಳೆಯ. ಊರಿನಲ್ಲಿ ಸಿನಿಮಾ ಟಾಕೀಸು ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಇವನು ಇನ್ನೂ ಪರದೆಯಿಂದ ಇಳಿದಿರಲಿಲ್ಲ. ಬಾಗಿಲಲ್ಲಿ ನಿಂತು, ಕನ್ನಡಕ ತೆಗೆದು, ಎರಡು ಕ್ಷಣ ಸುಮ್ಮನಿದ್ದು ಆಮೇಲೆ ಮಾತಾಡುವುದು ಅವನ ಪದ್ಧತಿ; ಗೆಳೆಯನನ್ನು ಕರೆಯುವುದು 'ಮಿಗೊ' ಎಂದು.

"ಮಿಗೊ, ಮುಗೀತು ನಿನ್ನ ವನವಾಸ."

"ಏನಾಯ್ತೋ?"

"ನಿಯಮ ಬದಲಾಯ್ಸಿದಾರೆ. ನಲವತ್ತೈದು ದಾಟಿದೋರ ವಿಭಾಗದಲ್ಲಿ ನೀನೂ ಆಡ್ಬೋದು. ಫಾರಂ ನಾನೇ ತುಂಬಿ ಕೊಟ್ಟೆ."

"ಏನಂತ ಬದಲಾಯ್ಸಿದಾರೆ?"

"ಹುಡುಗಿ ಒಪ್ಕೊಂಡ್ಮೇಲೆ ಯಾಕಮ್ಮಾ ಒಪ್ಕೊಂಡೆ ಅಂತ ಯಾವನಾದ್ರೂ ಕೇಳ್ತಾನೇನೋ? ಹೋಗಿ ಶೂ ಹುಡುಕು."

ಡೂಲೊ ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು. ಆದರೆ ಅವನಾಗಲೇ ಮಂಚದ ಕೆಳಗೆ ತೆವಳಿದ್ದ.

ಐದು ಪಂದ್ಯ, ಐದು ಗೆಲುವು. ಮಂಡಿಗೆ ಪಟ್ಟಿ, ಸೊಂಟಕ್ಕೆ ಪಟ್ಟಿ, ಎಲ್ಲ ಬಿಗಿದುಕೊಂಡು ನಿಂತರೆ ಅರ್ಧ ಪಾರ್ಸೆಲ್ಲಿನಂತೆ ಕಾಣುತ್ತಿದ್ದ. ಓಡುವುದು ಹೋಗಿತ್ತು, ಜಿಗಿಯುವುದು ಹೋಗಿತ್ತು. ಕಣ್ಣು ಮಾತ್ರ ಹೋಗಿರಲಿಲ್ಲ. ಯಾರು ಎಲ್ಲಿ ಬಂದು ನಿಲ್ಲುತ್ತಾರೆ ಎಂಬುದು ಅವರಿಗಿಂತ ಮೊದಲು ಇವನಿಗೆ ಗೊತ್ತಾಗುತ್ತಿತ್ತು. ಜನ್ಮದಲ್ಲಿ ಬುಟ್ಟಿಗೆ ಚೆಂಡು ಹಾಕದಿದ್ದ ಬೇಕರಿಯವನೂ ಈ ಸಲ ಪಂದ್ಯಕ್ಕೆ ಹನ್ನೆರಡು ಪಾಯಿಂಟ್ ಹೊಡೆಯುತ್ತಿದ್ದ. ಚೆಂಡು ಅವನ ಕೈಗೆ ಬಂದು ಕೂರುತ್ತಿತ್ತು, ಅವನು ಎತ್ತಿ ಹಾಕಿದರಾಯಿತು.

ಕಾಲೇಜಿನಲ್ಲೂ ಹೀಗೇ ಇತ್ತು. ಇಲೊಯ್ಲೊ ನಗರದ ಕಾಲೇಜಿಗೆ ಡೂಲೊ ಹನ್ನೊಂದನೇ ನಂಬರಿನ ಗಾರ್ಡ್. ಗಾರ್ಡ್ ಅಂದರೆ ಚೆಂಡು ತರುವವನು, ಆಟ ಕಟ್ಟುವವನು, ತಂಡದಲ್ಲಿ ಎಲ್ಲರಿಗಿಂತ ಕುಳ್ಳ. ಕೋಚ್ ಎಲಿಸೆಯೊ ಎಂಬ ಮುದುಕ ಸಂಜೆ ಅಭ್ಯಾಸ ಮುಗಿದ ಮೇಲೆ ಹುಡುಗರನ್ನೆಲ್ಲ ಮಾರುಕಟ್ಟೆಯ ಬಾಚೊಯ್ ಅಂಗಡಿಗೆ ಕರೆದೊಯ್ಯುತ್ತಿದ್ದ. ಬಿಸಿ ಸಾರಿನಲ್ಲಿ ಶಾವಿಗೆ, ಮೇಲೆ ಗರಿಗರಿ ಹಂದಿ ಚರ್ಮ. ಎಲ್ಲರ ಬಟ್ಟಲೂ ಬಂದ ಮೇಲೆಯೇ ಡೂಲೊನ ಬಟ್ಟಲು ಬರಬೇಕು, ಅದು ಕೋಚ್ ಮಾಡಿದ ಕಾನೂನು. "ಗಾರ್ಡ್ ಅಂದ್ರೆ ಫಿಯೆಸ್ಟಾ ಮನೆ ಯಜಮಾನ ಇದ್ದ ಹಾಗೆ ಮಗಾ. ಎಲ್ರಿಗೂ ಬಡಿಸಿ, ಉಳಿದಿದ್ರೆ ತಾನು ತಿನ್ಬೇಕು" ಎನ್ನುತ್ತಿದ್ದ. ಡೂಲೊ ನಾಲ್ಕು ವರ್ಷ ಬಡಿಸಿದ. ಎರಡು ಸಲ ಫೈನಲ್ಲಿಗೆ ಹೋದರು, ಒಂದು ಸಲ ಗೆದ್ದರು. ಗೆದ್ದ ದಿನ ಕಾಲೇಜಿನ ಹುಡುಗಿಯರು ಅವನ ಹೆಸರನ್ನು ಮೂರು ತುಂಡು ಮಾಡಿ ಕೂಗಿದರು. ಹಾಗೆ ಕೂಗಿದವಳೊಬ್ಬಳು ಮುಂದೆ ಅವನ ಹೆಂಡತಿ ಲುದಿಂಗ್ ಆದಳು. ಈಗ ಅವಳು ಮೂರು ತುಂಡು ಮಾಡುವುದು ಅಂಗಡಿಯಲ್ಲಿ ದಾರ ಖಾಲಿಯಾದಾಗ ಮಾತ್ರ.

ಆಮೇಲೆ ಮನಿಲಾ. ಪ್ರೊ ತಂಡವೊಂದು ಆಯ್ಕೆಯ ಕೊನೆಯ ಸುತ್ತಿನಲ್ಲಿ ಅವನ ಹೆಸರು ಕರೆಯಿತು. ಅಷ್ಟು ಹೊತ್ತಿಗೆ ಸಭಾಂಗಣದಲ್ಲಿ ಕುರ್ಚಿ ಮಡಚುವವರು ಕೆಲಸ ಶುರುಮಾಡಿದ್ದರು. ಒಂದು ಸೀಸನ್ ಪೂರ್ತಿ ಬೆಂಚು. ಕೊನೆಗೊಂದು ಭಾನುವಾರದ ಮಧ್ಯಾಹ್ನ ಪಂದ್ಯ ಟಿವಿಯಲ್ಲಿ ಬಂತು. ಊರಿಗೆ ಊರೇ ಪ್ಲಾಜಾದಲ್ಲಿ ಒಂದು ಟಿವಿಯ ಮುಂದೆ ಕೂತಿತ್ತು. ಬೆಂಚಿನ ತುದಿಯಲ್ಲಿ ಡೂಲೊನ ಮೊಣಕೈ ಕಂಡಿದ್ದಕ್ಕೇ ಶಿಳ್ಳೆ ಬಿತ್ತು. ಎರಡನೇ ಕ್ವಾರ್ಟರ್ ನಡುವೆ ಕರೆಂಟು ಹೋಯಿತು. ತೊಂಬತ್ತಮೂರರಲ್ಲಿ ಕರೆಂಟು ಹೋಗುವುದೇನೂ ಸುದ್ದಿಯಲ್ಲ, ಇದ್ದರೆ ಸುದ್ದಿ. ಮತ್ತೆ ಬಂದಾಗ ಡೂಲೊ ಟವೆಲ್ ಹೊದ್ದು ಬೆಂಚಿನಲ್ಲೇ ಕೂತಿದ್ದ.

ಅವನು ಅಂಗಳಕ್ಕೆ ಇಳಿದದ್ದು ಆ ಕತ್ತಲಲ್ಲಿ.

ತಂಡ ಕೈಬಿಟ್ಟ ಮೇಲೆ ಊರಿಗೆ ಬಂದವನು ಅದನ್ನು ಹೇಳಿದ. ಜನ ಮುಗುಳ್ನಕ್ಕರು. ಬರೀ ಇಳಿದೆ ಎಂದರೆ ಸಪ್ಪೆಯಾಯಿತೇನೋ ಎಂದು ಮುಂದಿನ ಸಲ ಹೇಳುವಾಗ ಒಂದು ಬುಟ್ಟಿ ಸೇರಿಸಿದ. ಎರಡು ಪಾಯಿಂಟ್, ದೂರದಿಂದ, ದೈತ್ಯನೊಬ್ಬನ ಕೈ ಮೇಲಿಂದ. ಆಮೇಲೆ ಆ ದೈತ್ಯನೂ ವರ್ಷಕ್ಕೆ ಒಂದಿಂಚು ಬೆಳೆಯುತ್ತ ಹೋದ. "ಡೂಲೊ ಹೊಡೆದ ಬುಟ್ಟಿ ನೋಡಿದ್ದು ದೇವರೊಬ್ಬನೇ" ಎಂದು ಊರು ತಮಾಷೆ ಮಾಡುತ್ತಿತ್ತು. ಪ್ರೊ ತಂಡಕ್ಕೆ ಸೇರಿದ್ದಂತೂ ನಿಜ, ನಿಯಮದ ಪ್ರಕಾರ ಅಷ್ಟೇ ಸಾಕಿತ್ತು. ನಂಬುವುದು ಬಿಡುವುದು ಬೇರೆ ಇಲಾಖೆ.

ಫೈನಲ್‌ಗೆ ಎರಡು ದಿನ ಬಾಕಿಯಿದ್ದಾಗ ಆಕ್ಷೇಪಣೆಯ ಕಾಗದ ಬಂತು. ಎದುರಾಳಿ ಇಲಾಯಾ ಕೇರಿಯ ನಾಯಕ, ಹೈಸ್ಕೂಲಿನ ಗಣಿತದ ಮೇಷ್ಟರು ಮಕಾರಿಯೊ ಫಮಾತಿಡ್ ಬರೆದದ್ದು. ಶನಿವಾರ ಬೆಳಿಗ್ಗೆ ವಿಚಾರಣೆ. ಡೂಲೊ ಕಾಗದ ಹಿಡಿದು ಬೆಟೊಯ್‌ನ ಗ್ಯಾರೇಜಿಗೆ ಓಡಿದ.

"ನಿಯಮ ಬದಲಾಯ್ತು ಅಂದ್ಯಲ್ಲೋ."

"ಬದಲಾಗಿದೆ ಮಿಗೊ. ಮುಂಚೆ ಪ್ರೊ ತಂಡಕ್ಕೆ ಸೇರಿದ್ರೇ ಸಾಕಿತ್ತು, ಔಟು. ಈಗ ಪ್ರೊ ಪಂದ್ಯದಲ್ಲಿ ಅಂಗಳಕ್ಕೆ ಇಳಿದಿರ್ಬೇಕು, ಆಗ ಮಾತ್ರ ಔಟು."

"ನಾನು ಇಳಿದಿದೀನಲ್ಲ."

ಬೆಟೊಯ್ ಕೈಯ ಗ್ರೀಸು ಒರೆಸಿಕೊಂಡು ಫೋನು ತೆಗೆದ. ಮನಿಲಾದಲ್ಲಿ ಯಾವನೋ ಹುಚ್ಚ ಹಳೆಯ ಪ್ರೊ ಪಂದ್ಯಗಳ ಅಂಕಿ ಅಂಶವನ್ನೆಲ್ಲ ಕೂತು ಟೈಪು ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದ. ಆ ಭಾನುವಾರದ ಪಟ್ಟಿಯ ಕೆಳಗಡೆ ಒಂದು ಸಾಲು: ನುಫಾಬ್ಲೆ, ಟಿ. ನಿಮಿಷ 0. ಪಾಯಿಂಟ್ 0. ಆಮೇಲೆ ಬರೀ ಸೊನ್ನೆಗಳ ಮೆರವಣಿಗೆ.

"ಎರಡು ಪಾಯಿಂಟ್ ಹೊಡೆದೆ ಅಂತಿದ್ದೆ. ಇಲ್ಲಿ ಸೊನ್ನೆ ಇದೆ" ಎಂದ ಬೆಟೊಯ್, ಫೋನಿನ ಕಡೆಯೇ ನೋಡುತ್ತ. "ನನಗೆ ಬೇಜಾರಿಲ್ಲ ಮಿಗೊ. ಎಲ್ರೂ ಬಿಡ್ತಾರೆ. ನಾನೂ ಒಂದ್ಸಲ ಶಾರ್ಕ್ ಹಿಡಿದಿದ್ದೆ ಅಂತ ಬಿಟ್ಟಿದ್ದೆ. ಅದಕ್ಕೇ ಫಾರಂನಲ್ಲಿ 'ಆಡಿದ ಪ್ರೊ ಪಂದ್ಯಗಳು' ಅನ್ನೋ ಕಡೆ 'ಇಲ್ಲ' ಅಂತ ಬರೆದೆ. ನಾಳೆ ನೀನೂ ಅಷ್ಟೇ ಹೇಳು. ಆಡಿಲ್ಲ ಅಂತ. ಮುಗೀತು, ಭಾನುವಾರ ಫೈನಲ್."

ಡೂಲೊ ಫೋನಿನ ಆ ಸಾಲನ್ನು ಇನ್ನೊಮ್ಮೆ ಓದಿದ. ಐದು ಪಂದ್ಯ ಅವನು ಆಡಿದ್ದು ಆ 'ಇಲ್ಲ'ದ ಮೇಲೆ ನಿಂತು.

"ಆರು ವರ್ಷದಿಂದ ಇಲಾಯಾದವರ ಕೈಲಿ ಸೋಲ್ತಾ ಇದೀವಿ" ಎಂದ ಬೆಟೊಯ್. ಈ ಸಲ ದನಿಯಲ್ಲಿ ಸಿನಿಮಾ ಇರಲಿಲ್ಲ. "ನನ್ನ ಮಂಡಿ ಮುಂದಿನ ವರ್ಷಕ್ಕೆ ಬರಲ್ಲ ಅಂತ ಡಾಕ್ಟರ್ ಹೇಳಿದಾರೆ. ಇದೇ ಕೊನೇದು ನನಗೆ. ಒಂದು ಮಾತು ಕಣೋ. ಆಡಿಲ್ಲ."

ಮನೆಗೆ ಬಂದರೆ ಲುದಿಂಗ್ ಇಲಾಯಾ ತಂಡದ ಜೆರ್ಸಿಗೆ ಅಂಚು ಹೊಲಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಹಲ್ಲಿನಿಂದ ದಾರ ಕಡಿದಳು.

"ಬುಟ್ಟಿ ಹೊಡೆದಿದ್ದು ಸುಳ್ಳು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು."

"ಹೆಂಗೆ?"

"ನಿನ್ನನ್ನ ನಾಲ್ಕು ವರ್ಷ ನೋಡಿಲ್ವಾ ನಾನು? ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ರೆ ನೀನು ಹೊಡೆಯೋನೇ ಅಲ್ಲ."

"ಇಳಿದಿದ್ದು?"

"ಅದು ನಿನಗೇ ಗೊತ್ತು" ಎಂದು ಅವಳು ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದಳು.

ಪಂದ್ಯಾವಳಿ ಸಮಿತಿಯ ಅಧ್ಯಕ್ಷೆ ಪೇಟೆ ಕೇರಿಯ ಮುಖ್ಯಸ್ಥೆ ಸಲ್ವಾಸ್ಯೋನ್. ಊರಿಗೆಲ್ಲ ಆಕೆ 'ಕಾಪ್', ಕ್ಯಾಪ್ಟನ್‌ನ ಮೊಟಕು. ಅರವತ್ತು ದಾಟಿದ್ದ ಆಕೆ ಶನಿವಾರ ಬೆಳಿಗ್ಗೆ ಬೇಲಿ ಹಾರಿದ ಹುಂಜದ ಕೇಸೊಂದನ್ನು ಮುಗಿಸಿ, ಮೇಜಿನ ಮೇಲಿನ ಬಾಲ ಏಸುವಿನ ಮೂರ್ತಿಯನ್ನು ನೆಟ್ಟಗೆ ಮಾಡಿ, "ಸರಿ, ಚೆಂಡಿನವರು ಬನ್ನಿ" ಎಂದಳು. ಕಚೇರಿ ತುಂಬಿ ಕಿಟಕಿಯಲ್ಲೂ ತಲೆಗಳಿದ್ದವು.

ಮಕಾರಿಯೊ ಮೇಷ್ಟರು ಎದ್ದು ಆಕ್ಷೇಪಣೆ ಓದಿದರು. ಡೂಲೊ ಅಸಾಧಾರಣ ಪ್ರತಿಭೆಯ ಗಾರ್ಡ್. ಕಾಲೇಜು ಚಾಂಪಿಯನ್. ರಾಷ್ಟ್ರದ ಅತ್ಯುನ್ನತ ಲೀಗಿನಲ್ಲಿ ಆಡಿದ ವೃತ್ತಿಪರ. ಇಂಥವನ ಎದುರು ಇಲಾಯಾದ ಬಡಪಾಯಿಗಳು ಆಡುವುದು ಹೇಗೆ? ಸಾಕ್ಷಿಯಾಗಿ ಅಂಗಡಿಯ ಬೋರ್ಡಿನ ಫೋಟೊ ಲಗತ್ತಿಸಿದೆ.

ಬೆಟೊಯ್ ಎದ್ದ. "ಕಾಪ್, ಇವನು ಪ್ರೊನೂ ಅಲ್ಲ, ಮಣ್ಣೂ ಅಲ್ಲ. ಒಂದು ಸೀಸನ್ ಟವೆಲ್ ಕಾಯ್ಕೊಂಡು ಕೂತಿದ್ದ, ಅಷ್ಟೇ. ಬೋರ್ಡ್ ಬಿಡಿ, ನಮ್ಮ ಕೇರೀಲಿ 'ಸೂಪರ್ ಮಾರ್ಕೆಟ್' ಅಂತ ಬೋರ್ಡ್ ಹಾಕಿರೋ ಅಂಗಡೀಲಿ ಸೋಪು ಎರಡೇ ಇದೆ."

ಜನ ನಕ್ಕರು. ಡೂಲೊ ಕುರ್ಚಿಯಲ್ಲಿ ಸಣ್ಣಗಾದ. ವಿಚಿತ್ರ ನೋಡಿ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಊರಿನಲ್ಲಿ ಯಾರೋ ಎದ್ದು ನಿಂತು ಅವನನ್ನು ಪ್ರೊ ಎಂದು ಗಟ್ಟಿಯಾಗಿ ಓದಿದ್ದರು, ಅದೂ ವಿರೋಧಿ. ಇವನು ಏನೂ ಅಲ್ಲ ಎಂದು ಸಾಬೀತು ಮಾಡಲು ಬೆವರು ಸುರಿಸುತ್ತಿದ್ದವನು ಪ್ರಾಣಸ್ನೇಹಿತ.

ಬೆಟೊಯ್ ಫೋನು ತೋರಿಸಿದ. "ನೋಡಿ ಕಾಪ್. ನಿಮಿಷ ಸೊನ್ನೆ. ಸೊನ್ನೆ ಅಂದ್ರೆ ಸೊನ್ನೆ."

"ಕೊಡಿ ಇಲ್ಲಿ" ಎಂದರು ಮೇಷ್ಟರು. ಕನ್ನಡಕ ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತರಗತಿಯ ದನಿಯಲ್ಲಿ ಹೇಳಿದರು: "ಬೆಟೊಯ್, ನೀನು ನನ್ನ ಜೊತೇಲೇ ಓದಿದೋನು, ಅವತ್ತೂ ಹಿಂಗೇ ಅವಸರ. ಇವನ ಕೆಳಗಡೆ ಇನ್ನೂ ಇಬ್ಬರ ಹೆಸರಿದೆ. ಅವರ ಮುಂದೆ ಏನಿದೆ?"

"ಗೆರೆ ಇದೆ, ಸರ್."

"ಆಡದೇ ಇದ್ದೋರಿಗೆ ಗೆರೆ ಹಾಕಿದಾರೆ. ಇವನಿಗೆ ಸೊನ್ನೆ ಬರೆದಿದಾರೆ. ಅಂದ್ರೆ ಅಳೆದು ನೋಡಿದಾರೆ, ಒಂದು ನಿಮಿಷಕ್ಕಿಂತ ಕಮ್ಮಿ ಬಂದಿದೆ. ಸೊನ್ನೆ ಬೇರೆ, ಗೆರೆ ಬೇರೆ. ಇಪ್ಪತ್ತೆಂಟು ವರ್ಷದಿಂದ ಇದನ್ನೇ ಬಡ್ಕೋತಾ ಇದೀನಿ ಈ ಊರಲ್ಲಿ."

ಕಚೇರಿ ಗುಜುಗುಜು ಎಂದಿತು. "ಟೈಪ್ ಮಾಡಿದೋನು ತಪ್ಪು ಮಾಡಿರ್ಬೋದು" ಎಂದ ಬೆಟೊಯ್. "ಮನುಷ್ಯ ತಾನೇ, ಸೊನ್ನೆ ಒತ್ತಿಬಿಟ್ಟ."

ಕಾಪ್ ಬೀಸಣಿಗೆಯಿಂದ ಮೇಜಿಗೆ ಒಂದೇಟು ಹೊಡೆದಳು. "ಗೆರೆ, ಸೊನ್ನೆ ನನಗೆ ಬೇಡ. ನಾನೂ ಅವತ್ತು ಪ್ಲಾಜಾದಲ್ಲಿದ್ದೆ, ಏನೂ ಕಾಣಿಸಲಿಲ್ಲ. ಕಂಡೋನು ಇವನೊಬ್ಬ. ಡೂಲೊ, ಈ ಮೂರ್ತಿ ಮುಂದೆ ಕೈಯಿಟ್ಟು ಹೇಳು. ನೀನೇನು ಹೇಳ್ತೀಯೋ ಅದನ್ನೇ ಬರ್ಕೋತೀನಿ. ಆಡಿಲ್ಲ ಅಂದ್ರೆ ನಾಳೆ ಇಳಿ. ಆಡಿದೀನಿ ಅಂದ್ರೆ ಹಿಂದಿನ ಗೆಲುವು ತಂಡಕ್ಕೇ ಇರ್ಲಿ, ನೀನು ಹೊರಗೆ. ಇವತ್ತಿಂದ ಯಾವತ್ತೂ."

ಡೂಲೊ ಎದ್ದು ಮೇಜಿನ ಹತ್ತಿರ ಹೋದ. ಬಾಗಿಲ ಬಳಿ ಬೇಕರಿಯವನು ಕೈಮುಗಿದು ನಿಂತಿದ್ದ, ತನ್ನ ಹನ್ನೆರಡು ಪಾಯಿಂಟ್ ನೆನೆದು. ಬೆಟೊಯ್ ತುಟಿಯಲ್ಲೇ 'ಆಡಿಲ್ಲ, ಆಡಿಲ್ಲ' ಎಂದು ಹೇಳಿಕೊಡುತ್ತಿದ್ದ, ಶಾಲೆಯ ನಾಟಕದಲ್ಲಿ ಮಾತು ಮರೆತವನಿಗೆ ಹೇಳಿಕೊಡುವಂತೆ. ಸುಲಭವಿತ್ತು. ಅಂಗಳ ಬೇಕಿತ್ತು ಅವನಿಗೆ, ಮಂಡಿ ಇರುವವರೆಗೆ ಇನ್ನೂ ಎರಡು ಮೂರು ವರ್ಷ. ಬಾಯಿ ತೆರೆದ. ಆ ಮೂರಕ್ಷರದ ಪದ ಹೊರಗೆ ಬರಲಿಲ್ಲ.

"ಬುಟ್ಟಿ ಹೊಡೀಲಿಲ್ಲ" ಎಂದ. "ಅದು ಸುಳ್ಳು. ಆದ್ರೆ ಇಳಿದಿದ್ದೆ, ಕಾಪ್."

ಬೆಟೊಯ್ ತಲೆಯ ಮೇಲೆ ಕೈಹೊತ್ತು ಕೂತ.

"ಮೊದಲನೇ ಗಾರ್ಡ್‌ಗೆ ಹುಬ್ಬು ಸೀಳಿ ರಕ್ತ ಬಂತು. ಎರಡನೆಯೋನು ಬಚ್ಚಲಿಗೆ ಹೋಗಿದ್ದ. ಕೋಚು ಬೆಂಚಿನ ಕಡೆ ತಿರುಗಿದ್ರು. ನನ್ನ ಹೆಸರು ನೆನಪಾಗ್ಲಿಲ್ಲ ಅವರಿಗೆ. 'ನೀನು, ಬಾ' ಅಂದ್ರು. ಗಡಿಯಾರದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡು ಬಾಕಿ ಇತ್ತು. ಚೆಂಡು ತಗೊಂಡು ಹೋದೆ. ನೆಲ ಎಷ್ಟು ನುಣುಪು ಅಂದ್ರೆ ನನ್ನ ಶೂ ಸದ್ದು ನನಗೇ ಹೊಸದಾಗಿ ಕೇಳಿಸ್ತಿತ್ತು. ನಮ್ಮ ತಂಡದಲ್ಲಿ ಅಮೆರಿಕದೋನು ಒಬ್ಬ ಇದ್ದ, ತೆಂಗಿನಮರ. ಅವನು ಅಡ್ಡ ನಿಂತ, ನನ್ನ ಹಿಂದೆ ಬರ್ತಿದ್ದೋನು ಹೋಗಿ ಅವನಿಗೆ ಡಿಕ್ಕಿ ಹೊಡೆದ. ನನ್ನ ಮುಂದೆ ಯಾರೂ ಇಲ್ಲ. ಬುಟ್ಟಿ ಕಾಣ್ತಾ ಇದೆ. ಇಷ್ಟು ದೂರ, ಈ ಮೇಜಿಂದ ಆ ಬಾಗಿಲು. ಕಾಲೇಜಲ್ಲಿ ನಿದ್ದೇಲೂ ಹಾಕ್ತಿದ್ದೆ ಅಲ್ಲಿಂದ. ಮೂಲೇಲಿದ್ದ ನಮ್ಮೋನಿಗೆ ಪಾಸ್ ಕೊಟ್ಟೆ. ಅವನು ಹೊಡೆದ, ಒಳಗೆ ಹೋಗ್ಲಿಲ್ಲ. ಓಡಿ ವಾಪಸ್ ಬಂದೆ. ಅವರ ಕಡೆಯೋನು ನನ್ನ ದಾಟ್ಕೊಂಡು ಹೋದ, ಗಾಳಿ ಬಂದ ಹಾಗಾಯ್ತು. ಚೆಂಡು ಗೆರೆ ಹೊರಗೆ ಹೋಯ್ತು. ಸೀಟಿ. ಕೋಚು ಕೈ ಬೀಸಿದ್ರು. ಎರಡು ನಿಮಿಷ ಮೂವತ್ತೊಂಬತ್ತು. ಅಷ್ಟೇ."

ಕಿಟಕಿಯ ತಲೆಗಳು ಇನ್ನಷ್ಟು ಒಳಗೆ ಚಾಚಿಕೊಂಡವು.

ಮೇಷ್ಟರು ಕೆಮ್ಮಿದರು. "ಮುಂದೆ ಯಾರೂ ಇರಲಿಲ್ಲ ಅಂದ್ಯಲ್ಲ. ಯಾಕೆ ಹೊಡೀಲಿಲ್ಲ?"

"ಮೂಲೇಲಿದ್ದೋನು ನನಗಿಂತ ಖಾಲಿ ಇದ್ದ, ಸರ್."

ಹೆಂಗಸರ ಸಾಲಿನಲ್ಲಿ ಲುದಿಂಗ್ ಮೊದಲು ನಕ್ಕಳು. ಆಮೇಲೆ ಬೇಕರಿಯವನು. ಮತ್ತೆ ಇಡೀ ಕಚೇರಿ ನಕ್ಕಿತು. ಈ ಐದು ಪಂದ್ಯ ನೋಡಿದ್ದವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬುಟ್ಟಿ ಹೊಡೆದ ಡೂಲೊನನ್ನು ಯಾರೂ ನಂಬಿರಲಿಲ್ಲ. ಪಾಸ್ ಕೊಟ್ಟ ಡೂಲೊನನ್ನು ನಂಬದೇ ಇರುವುದು ಕಷ್ಟವಾಗಿತ್ತು.

ಕಾಪ್ ದಪ್ಪ ಪುಸ್ತಕ ತೆರೆದು ನಿಧಾನವಾಗಿ ಬರೆದಳು. "ಮಾಜಿ ವೃತ್ತಿಪರ. ಪಂದ್ಯ ಒಂದು. ಎಷ್ಟು ಸೆಕೆಂಡು ಅಂತ ಹಾಕ್ಲಿ?"

"ನಲವತ್ತೊಂದು" ಎಂದರು ಮೇಷ್ಟರು, ಡೂಲೊ ಬಾಯಿ ತೆರೆಯುವ ಮೊದಲೇ. ಅವರು ಆಗಲೇ ಕಳೆದು ನೋಡಿಯಾಗಿತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಫೈನಲ್. ಡೂಲೊ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬೈಬಾಯ್ ಬೆಂಚಿನ ತುದಿಯಲ್ಲಿ ಕೂತ. ಬೆಟೊಯ್ ಅವನ ಜೊತೆ ಮಾತು ಬಿಟ್ಟಿದ್ದ. ಮೈಕು ಹಿಡಿದ ಕ್ಷೌರಿಕ ಎರಡೂ ತಂಡದವರ ಹೆಸರು, ಅಡ್ಡಹೆಸರು, ಅವರ ಹೆಂಡತಿಯರ ದೂರುಗಳನ್ನೆಲ್ಲ ಓದಿ ಮುಗಿಸಿ, ಒಂದು ಕ್ಷಣ ತಡೆದ. "ಇನ್ನು ಬೈಬಾಯ್ ಬೆಂಚಿನ ಮೇಲೆ ಜೆರ್ಸಿ ಇಲ್ಲದೆ ಕೂತಿರೋರು. ನಮ್ಮ ಊರಿಗೆ ಸ್ವಲ್ಪ ಜಾಸ್ತಿಯಾದ್ರು ಅನ್ನೋ ಒಂದೇ ಕಾರಣಕ್ಕೆ ಹೊರಗಿಟ್ಟಿದೀವಿ, ಬೇಜಾರು ಮಾಡ್ಕೋಬೇಡಿ ಅಣ್ಣಾ. ಮಾಜಿ ವೃತ್ತಿಪರ ಗಾರ್ಡ್, ಟೆಯೊಡುಲೊ ನುಫಾಬ್ಲೆ."

ಎದುರು ಬೆಂಚಿನಲ್ಲಿ ಮಕಾರಿಯೊ ಮೇಷ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅವರಿಗೇನು, ಖರ್ಚಿಲ್ಲದ ಚಪ್ಪಾಳೆ. ಡೂಲೊ ಏಳಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ಹಾಗೇ ನಿಂತ.

ಬೈಬಾಯ್ ನಾಲ್ಕು ಪಾಯಿಂಟಿನಿಂದ ಸೋತಿತು. ಬೇಕರಿಯವನು ಇಡೀ ಪಂದ್ಯದಲ್ಲಿ ಚೆಂಡಿಗಾಗಿ ಕೈಚಾಚಿ ನಿಂತೇ ಇದ್ದ. ಮೂರು ನಿಮಿಷ ಬಾಕಿಯಿದ್ದಾಗ ಐದನೇ ಫೌಲಾಗಿ ಬೆಟೊಯ್ ಹೊರಗೆ ಬಂದು, ಬೆಂಚಿನಲ್ಲಿ ಬೇರೆ ಜಾಗವಿಲ್ಲದೆ ಡೂಲೊನ ಪಕ್ಕ ಕೂತ. ಮಂಡಿಯ ಪಟ್ಟಿ ಬಿಚ್ಚಿದ. ಇನ್ನು ಅದನ್ನು ಕಟ್ಟುವ ಕೆಲಸವಿರಲಿಲ್ಲ. ಇಬ್ಬರೂ ಅಂಗಳದ ಕಡೆ ನೋಡುತ್ತ ಕೂತರು.

"ನೀನಿದ್ದಿದ್ರೆ ಗೆಲ್ತಿದ್ವಿ" ಎಂದ ಬೆಟೊಯ್.

"ಗೊತ್ತು."

"ಕ್ಷಮಿಸಿಲ್ಲ ನಿನ್ನ."

"ಅದೂ ಗೊತ್ತು."

ಇಲಾಯಾದವರು ಇನ್ನೊಂದು ಬುಟ್ಟಿ ಹಾಕಿದರು. ಬೆಟೊಯ್ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

"ಆ ಮೂಲೇಲಿದ್ದೋನು" ಎಂದ ಟವೆಲ್ ಒಳಗಿಂದಲೇ, "ಆಮೇಲೆ ನಿನಗೇನಾದ್ರೂ ಹೇಳಿದ್ನಾ?"

ಇಪ್ಪತ್ತೈದು ವರ್ಷದಲ್ಲಿ ಈ ಪ್ರಶ್ನೆಯನ್ನು ಡೂಲೊಗೆ ಯಾರೂ ಕೇಳಿರಲಿಲ್ಲ. ನಂಬದವರು ಹೀಗೆಲ್ಲ ಕೇಳುವುದಿಲ್ಲ. ಅವನು ಬೆಂಚಿನಲ್ಲಿ ಸ್ವಲ್ಪ ಸರಿದು ಬೆಟೊಯ್ ಕಡೆಗೆ ತಿರುಗಿ ಕೂತ.

"ಒಳ್ಳೇ ಪಾಸು ಅಂದ."